ಅವರನ್ನು ಹೆಸರು ಹಿಡಿದು ಕರೆದವಳು

ಇದು ನಡೆದಾಗ ಆ ಕೋಣೆಯಲ್ಲಿ ನನ್ನನ್ನು ಬಿಟ್ಟು ಇನ್ನೂ ಮೂರು ಮಂದಿ ನಿಂತಿದ್ದರು. ಒಬ್ಬರು ಡಾಕ್ಟರು, ಒಬ್ಬರು ನರ್ಸು. ಮೂರನೆಯವಳನ್ನು ನಾನು ಜನ್ಮದಲ್ಲಿ ನಂಬಿದವಳಲ್ಲ. ಅವಳು ಬಿಸಿಲಿದೆ ಅಂದರೂ ಹೊರಗೆ ಹೋಗಿ ನೋಡಿ ಬರುವವಳು ನಾನು. ಆದರೆ ಈ ಒಂದು ಸಂಗತಿಯನ್ನು ಬೇಕಾದರೆ ಅವಳನ್ನೇ ಹೋಗಿ ಕೇಳಿ. ನಾನು ಹೇಳಿದ್ದನ್ನೇ ಹೇಳುತ್ತಾಳೆ. ಇದಕ್ಕಿಂತ ದೊಡ್ಡ ಸಾಕ್ಷಿ ನನ್ನ ಹತ್ತಿರ ಇಲ್ಲ.

ಅವಳೆಂದರೆ ಸತ್ಯವತಿ, ನನ್ನ ಗಂಡನ ಎರಡನೆಯ ಹೆಂಡತಿ.

ನಾನು ತಳಕಲ್ಲಿನಲ್ಲಿ ಬಾಲವಾಡಿ ಟೀಚರಾಗಿದ್ದೆ. ಯಲಬುರ್ಗಾ ಕಡೆಯ ಎರೆಮಣ್ಣಿನ ಊರು, ಜೋಳ ಉಣ್ಣುವ ಮಂದಿ. ನಮ್ಮವರು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದರು. ಎಪ್ಪತ್ತರ ದಶಕದಲ್ಲಿ ಕಾಲುವೆ ನೀರಿನ ದೆಸೆಯಿಂದ ಅಲ್ಲಿ ಕಂಡಕಂಡಲ್ಲಿ ಗಿರಣಿಗಳು ಎದ್ದವು. ಯಂತ್ರದ ಕೆಲಸ ಬಲ್ಲವರಿಗೆ ಉಸಿರಾಡಲು ಬಿಡುವಿರಲಿಲ್ಲ. ಮೊದಮೊದಲು ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಆಮೇಲೆ ಅಮಾವಾಸ್ಯೆಗೊಮ್ಮೆ. ಆಮೇಲೊಂದು ದಿನ ಅವರ ಬದಲು ಸುದ್ದಿ ಬಂತು. ಗಂಗಾವತಿ ಹತ್ತಿರದ ಕ್ಯಾಂಪಿನಲ್ಲಿ, ಅಂದರೆ ಆಂಧ್ರದ ಕಡೆಯಿಂದ ಬಂದು ಗದ್ದೆ ಮಾಡಿದವರ ಊರಿನಲ್ಲಿ, ಒಬ್ಬ ವಿಧವೆಯನ್ನು ಕಟ್ಟಿಕೊಂಡಿದ್ದಾರೆ ಅಂತ.

ಕೂಗಾಡಿದೆ, ಅತ್ತೆ, ತವರಿಗೆ ಹೋದೆ, ತಿರುಗಿ ಬಂದೆ. ಎಲ್ಲ ಹೆಂಗಸರೂ ಮಾಡುವುದನ್ನೇ ಮಾಡಿದೆ. ಆದರೆ ಬಿಟ್ಟುಕೊಡಲಿಲ್ಲ. ಹೊಟ್ಟೆಕಿಚ್ಚು ಅನ್ನಿ, ಏನಾದರೂ ಅನ್ನಿ. ನನಗೆ ಅದು ಇತ್ತು, ಈಗಲೂ ಇದೆ. ಸುಳ್ಳು ಯಾಕೆ ಹೇಳಲಿ?

ಮುಂದಿನದು ತಿಳಿಯಬೇಕಾದರೆ ನಮ್ಮ ಕಡೆಯ ಒಂದು ರೂಢಿ ಗೊತ್ತಿರಬೇಕು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ. ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹಿರಿಯರು ಹೆದರಿಸಿಟ್ಟಿದ್ದಾರೆ. ಮದುವೆಯಲ್ಲಿ ಎಲ್ಲರೂ ಸುತ್ತುಗಟ್ಟಿ ಕಾಡಿ ಒಡಪಿನಲ್ಲಿ, ಅಂದರೆ ಪ್ರಾಸದ ಪದ ಕಟ್ಟಿ, ಒಂದು ಸಲ ಹೇಳಿಸುತ್ತಾರೆ, ಅಷ್ಟೆ. ನನ್ನ ಬಾಲವಾಡಿಗೆ ಅವರದೇ ಹೆಸರಿನ ಒಬ್ಬ ಹುಡುಗ ಬರುತ್ತಿದ್ದ. ಅವನನ್ನು ನಾನು ಗುಂಡ್ಯಾ ಎಂದೇ ಕರೆಯುತ್ತಿದ್ದೆ. ಗಂಡನನ್ನು ಕರೆಯಬೇಕಾದರೆ ‘ಏನ್ರಿ’, ‘ಇಲ್ನೋಡ್ರಿ’. ಇಲ್ಲೂ ನಾನು ಅವರ ಹೆಸರು ಬರೆಯುವುದಿಲ್ಲ. ಕ್ಯಾಂಪಿನವರಲ್ಲೂ ಇದೇ ರೂಢಿ ಎಂದು ಸತ್ಯವತಿ ಹೇಳುತ್ತಿದ್ದಳು. ನಾನು ನಂಬಿರಲಿಲ್ಲ ಬಿಡಿ.

ಎಂಬತ್ತರ ದಶಕದ ಮೊದಲ ವರ್ಷಗಳು. ಬೇಸಿಗೆ. ನಮ್ಮವರು ಅವಳಿಗೆ ಟೇಬಲ್ ಫ್ಯಾನ್ ತಂದುಕೊಟ್ಟಿದ್ದಾರೆ ಎಂಬ ಸುದ್ದಿ ಬಂತು. ಇಲ್ಲಿ ನಾನು ಬೀಸಣಿಗೆ ಹಿಡಿದು ಕೂತಿದ್ದೇನೆ, ಅಲ್ಲಿ ಅವಳಿಗೆ ಫ್ಯಾನು! ಹೆಣ್ಣುಮಕ್ಕಳಿಬ್ಬರನ್ನೂ ತಂಗಿಯ ಮನೆಗೆ ಬಿಟ್ಟೆ. ರೊಟ್ಟಿ, ಶೇಂಗಾ ಚಟ್ನಿ, ಅವರಿಗೆ ಸೇರುವ ಬದನೆಕಾಯಿ ಪಲ್ಯ ಕಟ್ಟಿಕೊಂಡು ಕೊಪ್ಪಳದ ಬಸ್ಸು ಹತ್ತಿದೆ. ಅಲ್ಲಿಂದ ಗಿಣಿಗೇರಾ ಮೇಲೆ ಗಂಗಾವತಿ. ದಾರಿಯುದ್ದಕ್ಕೂ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಹೋಗಿ ನೋಡಿದರೆ ಮಧ್ಯಾಹ್ನದಿಂದ ಕರೆಂಟಿಲ್ಲ. ಫ್ಯಾನು ಕಪಾಟಿನ ಮೇಲೆ ಸುಮ್ಮನೆ ನಿಂತಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಇವತ್ತಿಡೀ ಕರೆಂಟ್ ಬಾರದಿರಲಿ ಅಂದುಕೊಂಡೆ.

ದೀಪ ಹಚ್ಚುವ ಹೊತ್ತಿಗೆ ಅವರು ಗಿರಣಿಯಿಂದ ಬಂದರು. ನನ್ನನ್ನು ನೋಡಿ ಬಾಗಿಲಲ್ಲೇ ಒಂದು ಕ್ಷಣ ನಿಂತರು.

“ಯಾವಾಗ ಬಂದಿ?”

“ಫ್ಯಾನಿನ ಗಾಳಿ ತಗೊಂಡು ಹೋಗೂಣು ಅಂತ ಬಂದೆ” ಅಂದೆ.

ಅವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಕೈಕಾಲು ತೊಳೆದು ಊಟಕ್ಕೆ ಕೂತರು. ಸತ್ಯವತಿ ಅನ್ನ, ತಮ್ಮ ಕಡೆಯ ಬೇಳೆ ಪಪ್ಪು ಬಡಿಸಿದಳು. ನಾನು ಪಕ್ಕದಲ್ಲೇ ಇನ್ನೊಂದು ತಾಟಿಟ್ಟು ರೊಟ್ಟಿ, ಪಲ್ಯ ಹಾಕಿದೆ. ಒಬ್ಬ ಮನುಷ್ಯನ ಮುಂದೆ ಎರಡು ತಾಟು. ಅವರು ಅದರದೊಂದು ತುತ್ತು, ಇದರದೊಂದು ತುತ್ತು ತಿಂದರು. ಯಾವ ತಾಟು ಮೊದಲು ಖಾಲಿಯಾಗುತ್ತದೋ ಎಂದು ನಾವಿಬ್ಬರೂ ಅವರ ಕೈಯನ್ನೇ ನೋಡುತ್ತಿದ್ದೆವು. ಆ ಕೈ ತಾಟು ಬಿಟ್ಟು ಎದೆಗೆ ಹೋಯಿತು.

“ಯಾಕೋ... ಇಲ್ಲಿ ಹಿಡದಂಗ ಆತು.”

ಹಣೆಯ ಮೇಲೆ ಬೆವರು ಒಡೆಯಿತು. ಮುಖ ಬೂದಿ ಬಣ್ಣಕ್ಕೆ ತಿರುಗಿತು. ಸತ್ಯವತಿ ಓಡಿ ಹೋಗಿ ಗಿರಣಿಯ ಜೀಪು ತರಿಸಿದಳು. ನಾನು ಅವರ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಜೀಪು ಬಂದಾಗಲೂ ಅವಳಿಗೆ ಆ ಜಾಗ ಬಿಟ್ಟುಕೊಡಲಿಲ್ಲ.

ಗಂಗಾವತಿಯಲ್ಲಿ ಆಗ ಹೊಸದಾಗಿ ಒಂದು ಸಣ್ಣ ಖಾಸಗಿ ಆಸ್ಪತ್ರೆ ಆಗಿತ್ತು. ಡಾಕ್ಟರು ಚಿಕ್ಕ ವಯಸ್ಸಿನವರು, ಧಾರವಾಡದ ಕಡೆಯವರು, ಪರದೇಶದಲ್ಲಿ ಕೆಲಸ ಮಾಡಿ ಬಂದವರು. ಒಳಗೆ ಪೆಟ್ರೋಮ್ಯಾಕ್ಸ್ ಉರಿಯುತ್ತಿತ್ತು. ಸೀಮೆಎಣ್ಣೆ ಮತ್ತು ಡೆಟಾಲ್ ವಾಸನೆ ಕೂಡಿ ತಲೆ ಸುತ್ತುವಂತಿತ್ತು. ಅವರನ್ನು ಮೇಜಿನ ಮೇಲೆ ಮಲಗಿಸಿದರು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳುತ್ತಿದ್ದಂತೆಯೇ ಅವರ ಕಣ್ಣು ಮೇಲಕ್ಕೆ ಹೋದವು... ಬಾಯಿ ಒಮ್ಮೆ ತೆರೆದು ಹಾಗೇ ನಿಂತಿತು.

“ಎದಿ ನಿಂತತಿ. ಸಿಸ್ಟರ್, ಮಷೀನ್ ಎಳೀರಿ!” ಎಂದರು ಡಾಕ್ಟರು.

ಎದೆ ನಿಂತಿತು ಎಂದರೆ ಸತ್ತ ಹಾಗೆ ತಾನೇ? ನಾನು ಬಾಯಿಗೆ ಸೆರಗು ತುರುಕಿಕೊಂಡೆ. ಡಾಕ್ಟರು ಎರಡೂ ಕೈ ಜೋಡಿಸಿ ಅವರ ಎದೆ ಒತ್ತತೊಡಗಿದರು. ಅಷ್ಟರಲ್ಲಿ ನರ್ಸು ಮೂಲೆಯಿಂದ ಒಂದು ಯಂತ್ರ ಎಳೆದು ತಂದರು. ದಪ್ಪ ಕಬ್ಬಿಣದ ಕಂಬ, ಅದಕ್ಕೊಂದು ತೋಳು, ತೋಳಿನ ತುದಿಗೆ ಕೆಳಮುಖವಾಗಿ ರಬ್ಬರಿನ ಬಟ್ಟಲಿನಂಥದ್ದು. ಬೆನ್ನ ಕೆಳಗೆ ಒಂದು ಹಲಗೆ ಸೇರಿಸಿ, ತೋಳನ್ನು ಎದೆಯ ಮೇಲೆ ತಂದು ಬಿಗಿದು, ಆಕ್ಸಿಜನ್ ಸಿಲಿಂಡರಿನ ಗುಂಡಿ ತಿರುಗಿಸಿದರು.

ಧಬ್... ಸುಸ್ಸ್... ಧಬ್... ಸುಸ್ಸ್...

ಆ ತೋಳು ತಾನಾಗಿಯೇ ಇಳಿದು ಎದೆಯನ್ನು ಅದುಮಿ ಮೇಲೇಳುತ್ತಿತ್ತು. ಇಳಿದಾಗಲೆಲ್ಲ ಅವರ ಕಾಲು ಅಲುಗುತ್ತಿದ್ದವು. ನರ್ಸು ಮುಖಕ್ಕೆ ರಬ್ಬರಿನ ಚೀಲ ಹಿಡಿದು ಉಸಿರು ಒತ್ತುತ್ತಿದ್ದರು. ನೋಡಲಾಗದೆ ನಾನು ಗೋಡೆಗೆ ಆತುಕೊಂಡೆ. ಆಗ ಸತ್ಯವತಿ ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದಳು.

“ಈ ಮಷೀನು ಕೆಟ್ಟಾಗ ಇವರೇ ಬಂದು ರಿಪೇರಿ ಮಾಡ್ಯಾರ ಅಕ್ಕಾ. ವಿಲಾಯತಿದು, ಸತ್ತವರ ಎದಿ ಒತ್ತತೈತಿ ಅಂತ ಹೇಳಿ ರಾತ್ರಿ ಎಲ್ಲಾ ಅದರದ ಮಾತು. ನಿಮಗ ಹೇಳಿಲ್ಲೇನು?”

ನನಗೆ ಹೇಳಿರಲಿಲ್ಲ. ಗಂಡ ಅಲ್ಲಿ ಉಸಿರಿಲ್ಲದೆ ಮಲಗಿದ್ದಾರೆ, ನನಗೆ ಇಲ್ಲಿ ಆ ಮಾತು ಮೆಣಸಿನಕಾಯಿ ಅರೆದು ಹಚ್ಚಿದ ಹಾಗಾಯಿತು. ರಾತ್ರಿ ಎಲ್ಲಾ ಅಂತೆ!

“ಡಾಕ್ಟರ್ರಿ, ಉಳೀತಾರೇನ್ರಿ?” ಎಂದು ಕೇಳಿದೆ.

“ನೋಡ್ರಿ ತಾಯಿ, ಇವರ ಎದಿ ಈಗ ತಾನಾಗಿ ಬಡಕೊಳ್ಳಾಕತ್ತಿಲ್ಲ, ಬರೇ ನಡುಗಾಕತ್ತೈತಿ. ಕರೆಂಟಿನ ಶಾಕ್ ಕೊಟ್ರ ಸರಿ ಆಗಬಹುದು. ಶಾಕ್ ಕೊಡೋ ಡಬ್ಬಿ ಐತಿ, ಕರೆಂಟ್ ಇಲ್ಲ. ಕರೆಂಟ್ ಬರೋತನಕ ಈ ಮಷೀನ್ ರಕ್ತ ಓಡಿಸತೈತಿ. ಸಿಲಿಂಡರ್ ಇರೋತನಕ.”

“ಜನರೇಟರ್ ಇಲ್ಲೇನ್ರಿ?”

ಡಾಕ್ಟರು ಮೇಜಿನ ಕಡೆ ನೋಡಿದರು. “ಕೆಟ್ಟೈತಿ. ನಾಳೆ ಬಂದು ನೋಡತೀನಿ ಅಂದಿದ್ರು... ಇವರೇ.”

ಬಂದಾಗಿನಿಂದ ಕರೆಂಟ್ ಬರಬಾರದು ಎಂದುಕೊಂಡಿದ್ದವಳು ಈಗ ಬರಲಪ್ಪಾ ಬರಲಿ ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಒಂದು ಸಿಲಿಂಡರ್ ಮುಗಿಯಿತು. ಎರಡನೆಯದಕ್ಕೆ ನಳಿಗೆ ಬದಲಿಸುವಾಗ ಡಾಕ್ಟರು ತಮ್ಮ ಕೈಯಿಂದಲೇ ಒತ್ತಿದರು. ಅದೇ ಕೊನೆಯದು ಎಂದು ನರ್ಸು ಕಣ್ಣಲ್ಲೇ ತಿಳಿಸಿದರು. ಮತ್ತೆ ಅದೇ ಸದ್ದು... ಧಬ್... ಸುಸ್ಸ್...

ಆಗ ಅವರು ಕಣ್ಣು ತೆರೆದರು.

ಎದೆ ನಿಂತೇ ಇದೆ, ಕಣ್ಣು ತೆರೆದಿವೆ. ಡಾಕ್ಟರು ಕುತ್ತಿಗೆಯ ಮೇಲೆ ಬೆರಳಿಟ್ಟು, ನರ್ಸಿಗೆ ಗುಂಡಿ ತಿರುಗಿಸಲು ಹೇಳಿ ಯಂತ್ರವನ್ನು ಒಂದು ಕ್ಷಣ ನಿಲ್ಲಿಸಿ ನೋಡಿದರು. ದೀಪ ಆರಿಸಿದಂತೆ ಕಣ್ಣು ಮಂಕಾಗಿ ಮುಚ್ಚಿದವು. ಯಂತ್ರ ಶುರುವಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ತೆರೆದವು. ಸತ್ಯವತಿ “ದೇವುಡಾ” ಎಂದು ನನ್ನ ತೋಳು ಹಿಡಿದುಕೊಂಡಳು. ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.

“ಹೆದರಬ್ಯಾಡ್ರಿ. ಮಿದುಳಿಗೆ ರಕ್ತ ಹೋಗಾಕತ್ತೈತಿ, ಅದಕ್ಕ ಎಚ್ಚರ ಆಗ್ಯಾರ. ಹಿಂಗ ಆಗೂದು ನಾನು ಅಲ್ಲಿ ಒಂದೆರಡು ಸಲ ನೋಡೀನಿ” ಎಂದರು ಡಾಕ್ಟರು. ಅವರ ಹಣೆಯ ಮೇಲೂ ಬೆವರಿತ್ತು.

ಎಚ್ಚರವಾದ ಮನುಷ್ಯ ಸುಮ್ಮನಿರುತ್ತಾನೆಯೇ? ಎದೆಯ ಮೇಲೆ ಕಬ್ಬಿಣ ಬೀಳುತ್ತಿದೆ. ಅವರು ಎರಡೂ ಕೈಯಿಂದ ಯಂತ್ರದ ತೋಳು ಹಿಡಿದು ತಳ್ಳತೊಡಗಿದರು. ಫಿಟ್ಟರ್ ಕೈ, ಬಿಗಿದ ನಟ್ಟು ಬಿಚ್ಚಿದ ಕೈ. ತೋಳು ಎದೆಯ ನಡುವಿನಿಂದ ಪಕ್ಕಕ್ಕೆ ಸರಿಯಿತು. ಡಾಕ್ಟರು ಕೈ ಹಿಡಿದರೆ ಡಾಕ್ಟರನ್ನೇ ನೂಕಿದರು.

“ಇದನ್ನ ಕಿತ್ತರ ಹೋಗೇಬಿಡ್ತಾರ! ಯಾರರೆ ಇವರ ಹೆಸರು ಹಿಡದು ಜೋರಾಗಿ ಕರೀರಿ. ಪರಿಚಯದ ದನಿ ಕೇಳಿದ್ರ ಸುಮ್ಮನಾಗ್ತಾರ. ಕರೀರಿ ತಾಯಿ!”

“ಏನ್ರಿ... ಇಲ್ನೋಡ್ರಿ... ಸುಮ್ಮನಿರ್ರಿ...” ಎಂದೆ.

“ಏವಂಡೀ... ಇಲ್ಲಿ ನೋಡ್ರಿ...” ಎಂದಳು ಸತ್ಯವತಿ.

ಅವರು ನಮ್ಮ ಕಡೆ ನೋಡಲೇ ಇಲ್ಲ. ಯಂತ್ರವನ್ನು ತಳ್ಳುತ್ತಲೇ ಇದ್ದರು.

“ಏನ್ರಿ, ನೋಡ್ರಿ ಅಂದ್ರ ಅವರಿಗೆ ಹೆಂಗ ತಿಳೀಬೇಕು? ಹೆಸರು! ಹೆಸರು ಕೂಗ್ರಿ!” ಡಾಕ್ಟರು ಬಹುತೇಕ ಕಿರುಚಿದರು.

ನಾನು ಸತ್ಯವತಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ಆಯುಷ್ಯ ತೂಗಾಡುವ ಹೊತ್ತಿನಲ್ಲಿಯೇ ಹೆಸರು ಹಿಡಿದು, ಅವರು ಹೋಗಿಬಿಟ್ಟರೆ? ಅವಳ ಎದುರಿಗೆ, ನನ್ನ ಬಾಯಿಂದ? ನಾಳೆ ಊರಿನ ಮುಂದೆ ‘ಅಕ್ಕನೇ ಹೆಸರು ಹಿಡದು ಕಳಿಸಿಬಿಟ್ಳು’ ಎಂದು ಅವಳು ಹೇಳಿದರೆ? ಅವಳ ಕಣ್ಣಲ್ಲೂ ಅದೇ ಲೆಕ್ಕ ನಡೆದಿತ್ತು. ನೀನು ಕರಿ, ನೀನೇ ಕರಿ. ಇಬ್ಬರೂ ತುಟಿ ಬಿಗಿದುಕೊಂಡು ನಿಂತೆವು. ಯಂತ್ರದ ತೋಳು ಇನ್ನೊಂದಿಷ್ಟು ಸರಿಯಿತು...

ಆಗ ಒಬ್ಬಳು ಕರೆದಳು.

ಜೋರಾಗಿ ಅಲ್ಲ. ಪಕ್ಕದ ಮನೆಯವರಿಗೆ ಕೇಳಬಾರದು ಎಂದು ಹಿತ್ತಲಿನಿಂದ ಕರೆಯುತ್ತಾರಲ್ಲ, ಹಾಗೆ. “ಲೇ...” ಎಂದು ಶುರುಮಾಡಿ ಅವರ ಹೆಸರು. ಪೂರ್ತಿ ಹೆಸರಲ್ಲ, ಅದನ್ನು ಮುದ್ದಿಗೆ ಮುರಿದ ಹೆಸರು. ನಾನು ಎಂದೂ ಕೇಳಿರದ ಹೆಸರು. ಆಮೇಲೆ ಅಷ್ಟೇ ಮೆಲ್ಲಗೆ, “ಸುಮ್ಮನ ಇರೋ. ಇಲ್ಲೆ ಅದೀನಲ್ಲ.”

ಅವರ ಕೈ ಸಡಿಲಾದವು.

ತಲೆ ಬಾಗಿಲ ಕಡೆ ಹೊರಳಿತು. ನಾವಿಬ್ಬರೂ ಗೋಡೆಯ ಹತ್ತಿರ, ಅವರ ಎಡಕ್ಕೆ ನಿಂತಿದ್ದೆವು. ಬಾಗಿಲು ಬಲಕ್ಕೆ. ಅಲ್ಲಿ ಯಾರೂ ಇರಲಿಲ್ಲ, ಬಿಳಿಯ ಪರದೆಯೊಂದೇ. ಗಾಳಿ ಇರಲಿಲ್ಲ, ಪರದೆ ಅಲುಗಲಿಲ್ಲ. ಡೆಟಾಲ್, ಸೀಮೆಎಣ್ಣೆಯ ನಡುವೆಯೇ ಆಗತಾನೆ ಮುಡಿದ ಮರುಗದ ವಾಸನೆ ಬಂತು. ಆ ಬೇಸಿಗೆಯಲ್ಲಿ ನಾನೂ ಮರುಗ ಮುಡಿದಿರಲಿಲ್ಲ, ಅವಳೂ ಮುಡಿದಿರಲಿಲ್ಲ. ಅದನ್ನು ನಾನು ಆ ಹೊತ್ತಿನಲ್ಲೂ ತಿರುಗಿ ನೋಡಿ ಖಾತ್ರಿ ಮಾಡಿಕೊಂಡೆ.

ನರ್ಸು ಬಾಯಿ ಒರೆಸಲೆಂದು ಉಸಿರಿನ ಚೀಲ ಎತ್ತಿದರು. ನಮ್ಮವರು ನಗುತ್ತಿದ್ದರು. ಇಪ್ಪತ್ತು ವರ್ಷ ಸಂಸಾರ ಮಾಡಿದ್ದೇನೆ, ಆ ನಗೆ ನನಗೆ ಗೊತ್ತಿಲ್ಲ. ಆಮೇಲೆ ಅವರು ಮೇಜಿನ ಮೇಲೆ ಸೊಂಟವನ್ನು ಒಂದಿಷ್ಟು ಈ ಕಡೆ ಸರಿಸಿದರು. ಆ ಕಡೆಯ ಅಂಚಿನಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು. ಅಲ್ಲಿ ಅಂಗೈ ಮೇಲೆ ಮಾಡಿ ಕೈ ಇಟ್ಟುಕೊಂಡು ಮಲಗಿದರು. ಧಬ್... ಸುಸ್ಸ್... ಯಂತ್ರ ಎದೆ ಅದುಮುತ್ತಿತ್ತು, ಅವರು ಹಾಯಾಗಿ ಬಾಗಿಲ ಕಡೆಯೇ ನೋಡುತ್ತಿದ್ದರು.

ಭಯವೆಂದರೆ ಭಯ. ಆದರೆ ಭಯಕ್ಕಿಂತ ಮೊದಲು ನನಗೆ ಬಂದದ್ದು ಉರಿ. ನನ್ನ ಪಕ್ಕದಲ್ಲಿ ಸತ್ಯವತಿಯ ಉಸಿರು ಕೂಡ ಬಿಸಿಯಾಗಿ ಕೇಳುತ್ತಿತ್ತು.

ಯಂತ್ರದ ಸದ್ದು ನಿಧಾನವಾಗತೊಡಗಿತು. ಸಿಲಿಂಡರ್ ಮುಗಿಯುತ್ತಾ ಬಂದಿತ್ತು. ಧಬ್... ಎಷ್ಟೋ ಹೊತ್ತಿಗೆ ಸುಸ್ಸ್... ಡಾಕ್ಟರು ಕೈಯಿಂದ ಒತ್ತಲು ತೋಳು ಮೇಲೆತ್ತಿದರು, ಅಷ್ಟರಲ್ಲಿ ದೂರದ ಗಿರಣಿಗಳೆಲ್ಲ ಒಮ್ಮೆಲೇ ಗುಡುಗಿದವು. ತಲೆಯ ಮೇಲಿನ ಬಲ್ಬು ಹತ್ತಿತು. ಕರೆಂಟ್!

ಇಸ್ತ್ರಿಪೆಟ್ಟಿಗೆಯಂಥ ಎರಡು ಹಿಡಿಗಳನ್ನು ಎದೆಗೊತ್ತಿ ಡಾಕ್ಟರು ಎಲ್ಲರಿಗೂ ದೂರ ಸರಿಯಲು ಹೇಳಿದರು. ಮೈ ಒಮ್ಮೆ ಎಗರಿ ಬಿತ್ತು. ಇನ್ನೊಮ್ಮೆ. ಆಮೇಲೆ ಡಾಕ್ಟರು ಕುತ್ತಿಗೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ನಿಂತರು.

“ಬಂತು. ತಾನಾಗಿ ಬಡಕೊಳ್ಳಾಕತ್ತೈತಿ” ಎಂದರು. ಆ ಮನುಷ್ಯ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ನಾನು ಅಲ್ಲೇ ನೆಲಕ್ಕೆ ಹಣೆ ಹಚ್ಚಿ ಅತ್ತೆ.

ಸ್ವಲ್ಪ ಸುಧಾರಿಸಿಕೊಂಡು ಡಾಕ್ಟರು ನಮ್ಮಿಬ್ಬರನ್ನೂ ನೋಡಿ ಕೇಳಿದರು. “ನಿಮ್ಮೊಳಗ ಕರದವರು ಯಾರು? ಭಾಳ ಛಲೋ ಮಾಡಿದ್ರಿ. ಇನ್ನೊಂದಿಷ್ಟು ಹೊತ್ತು ಗುದ್ದಾಡಿದ್ರ ಉಳಿಸಾಕ ಆಗತಿರಲಿಲ್ಲ.”

“ನಾನಲ್ರಿ” ಎಂದೆವು, ಇಬ್ಬರೂ ಒಟ್ಟಿಗೆ.

ಡಾಕ್ಟರು ನಕ್ಕರು. ಅವರಿಗೆ ನಮ್ಮ ಕಡೆಯ ನಾಚಿಕೆ ಗೊತ್ತಿತ್ತು. “ಇರಲಿ ಬಿಡ್ರಿ” ಅಂದರು. ನರ್ಸು ಕೇರಳದವರು, ಕನ್ನಡ ಅಷ್ಟಕ್ಕಷ್ಟೆ. “ನಾನು ಕೇಳಿದೆ, ಆದರೆ ನೋಡಲಿಲ್ಲ. ನಿಮ್ಮಲ್ಲಿ ಒಬ್ಬರು ಅಂತ ತಿಳಿದೆ” ಎಂದರು.

ಹೊರಗಿನ ಪಡಸಾಲೆಗೆ ಬಂದದ್ದೇ ತಡ, ನಾನು ಸತ್ಯವತಿಯ ಎದುರು ನಿಂತೆ.

“ನಾಚಿಕಿ ಬಿಟ್ಟಾಕಿ. ಲೇ ಅಂತೀಯಲ್ಲ, ಮನಿಯೊಳಗ ದಿನಾ ಹಿಂಗ ಕರೀತಿಯೇನು?”

“ನಿಮ್ಮ ಆಣಿ ಅಕ್ಕಾ, ನಾನು ಬಾಯಿ ಬಿಟ್ಟಿಲ್ಲ. ನೀವ ಕರದು ನನ್ನ ಮ್ಯಾಲೆ ಹಾಕಾಕತ್ತೀರಿ. ಮೊದಲನೇ ಹೆಂಡತಿ, ಸಲಿಗಿ ಐತಿ, ಕರದಿರಿ. ಒಪ್ಕೋರಿ.”

“ನಾನು ಕರದಿದ್ರ ನಿನಗ್ಯಾಕ ಹೆದರಲಿ? ಊರಿಗೆಲ್ಲ ಹೇಳಿಕೊಂಡು ತಿರಗತಿದ್ದೆ.”

“ನಾನೂ ಅಷ್ಟ!” ಎಂದಳು.

ನಿಜ, ಅವರನ್ನು ಉಳಿಸಿದ ಪುಣ್ಯವನ್ನು ಅವಳಾಗಲಿ ನಾನಾಗಲಿ ಸುಮ್ಮನೆ ಬಿಟ್ಟುಕೊಡುವವರಲ್ಲ. ಪಡಸಾಲೆಯಲ್ಲಿ ಫ್ಯಾನು ತಿರುಗುತ್ತಿತ್ತು. ನನಗೆ ಚಳಿ ಹಿಡಿಯಿತು. ಇಬ್ಬರೂ ಒಂದೇ ಬೆಂಚಿನ ಮೇಲೆ, ಒಬ್ಬರಿಗೊಬ್ಬರು ತಾಗಿ ಕೂತೆವು. ಬೆಳಗಾಗುವವರೆಗೂ ಆ ಬಾಗಿಲ ಪರದೆಯ ಕಡೆ ನೋಡುವ ಧೈರ್ಯ ಇಬ್ಬರಿಗೂ ಆಗಲಿಲ್ಲ.

ಎರಡು ದಿನದ ಮೇಲೆ ಅವರಿಗೆ ಮಾತು ಬಂತು. ನಾನು ಗಂಜಿ ಕುಡಿಸುತ್ತಿದ್ದೆ, ಅವಳು ಕಾಲು ಒತ್ತುತ್ತಿದ್ದಳು. ಅವರು ನಮ್ಮಿಬ್ಬರನ್ನೂ ಒಂದು ಸುತ್ತು ನೋಡಿ ಕೇಳಿದ ಮೊದಲ ಮಾತು ಇದು.

“ಆಕಿ ಎಲ್ಲಿ ಹೋದ್ಲು?”

“ಯಾರು?” ಎಂದೆ.

“ಕರದಾಕಿ.”

ಸತ್ಯವತಿಯ ಕೈ ನಿಂತಿತು. ನಾನು ಬಟ್ಟಲು ಕೆಳಗಿಟ್ಟೆ. “ನಮ್ಮೊಳಗ ಯಾರರೆ ಕರದಿರಬೇಕು ತಗೋರಿ” ಎಂದೆ.

“ನಿಮ್ಮಿಬ್ಬರ ದನಿ ನನಗ ಗೊತ್ತಿಲ್ಲೇನು?” ಅಂದರು. ಬೇಸರದಿಂದ ಅಲ್ಲ. ಪಾಪ, ಸಹಜವಾಗಿಯೇ ಅಂದರು. ಅದೇ ನನಗೆ ಹೆಚ್ಚು ಚುಚ್ಚಿತು.

ಆಮೇಲೆ ಎಷ್ಟು ಕೆದಕಿದರೂ ಅವರು ಬಾಯಿ ಬಿಡಲಿಲ್ಲ. ಗೊತ್ತಿದ್ದು ಹೇಳಲಿಲ್ಲವೋ, ಅವರಿಗೂ ಗೊತ್ತಿರಲಿಲ್ಲವೋ. ಊರಲ್ಲಿ ಹೇಳಿದಾಗ ಹಿರಿಯ ಹೆಂಗಸರು ‘ತಾಯಿ ಬಂದಿರಬೇಕು ತಗೋ’ ಎಂದು ಸಮಾಧಾನ ಮಾಡಿದರು. ಅವರ ತಾಯಿ, ಅಂದರೆ ನನ್ನ ಅತ್ತೆ, ನನ್ನ ಕೈಯಲ್ಲೇ ತೀರಿಕೊಂಡವಳು. ಅವಳ ದನಿ ಒಡೆದ ಕೊಡದಂಥ ದನಿ. ಅದೂ ಅಲ್ಲದೆ, ತಾಯಿ ಕರೆಯುವುದಕ್ಕೂ ಇನ್ನೊಬ್ಬಳು ಕರೆಯುವುದಕ್ಕೂ ವ್ಯತ್ಯಾಸ ಹೆಂಗಸರ ಕಿವಿಗೆ ತಿಳಿಯುವುದಿಲ್ಲವೇ? ಅದು ಹರೆಯದವಳ ದನಿ. ಗಂಡಸನ್ನು ಲೇ ಎಂದು ಕರೆದು ಬೈಸಿಕೊಳ್ಳದವಳ ದನಿ. ನನ್ನನ್ನು ಮದುವೆಯಾಗುವ ಮುಂಚೆ ಯಾರಾದರೂ ಇದ್ದರೇ ಎಂದು ಅವರ ಸೋದರಮಾವನ ಊರು ಹುಲಿಹೈದರದವರೆಗೂ ಹೋಗಿ ಕೇಳಿ ಬಂದೆ. ಹಾಗೆ ಯಾರೂ ಇರಲಿಲ್ಲವಂತೆ. ಆ ಮುರಿದ ಹೆಸರಿನಿಂದ ಅವರನ್ನು ಯಾರೂ ಎಂದೂ ಕರೆದೇ ಇಲ್ಲವಂತೆ.

ಗಿರಣಿಯ ಕೆಲಸ ಬಿಡಿಸಿ ಡಾಕ್ಟರು ವಿಶ್ರಾಂತಿಗೆ ಹೇಳಿದರು. ಅವರು ತಳಕಲ್ಲಿಗೆ ನನ್ನ ಹತ್ತಿರವೇ ಬಂದು ಉಳಿದರು. ನಾನು ಗೆದ್ದೆ ಅಂದುಕೊಂಡೆ. ಸತ್ಯವತಿ ಆಗೀಗ ಬಂದು ನೋಡಿ ಹೋಗುತ್ತಿದ್ದಳು. ಅವಳ ಮುಖ ನೋಡಿ ಮೊದಲಿನ ಹಾಗೆ ಕೊಂಕು ನುಡಿಯಲು ನನಗೆ ಮನಸ್ಸು ಬರುತ್ತಿರಲಿಲ್ಲ. ಅವಳಿಂದ ಕಿತ್ತುಕೊಂಡದ್ದರಲ್ಲಿ ನನಗೆ ಸಿಕ್ಕಿದ್ದಾದರೂ ಎಷ್ಟು? ಉಣ್ಣುತ್ತಿದ್ದರು, ಮಾತಾಡುತ್ತಿದ್ದರು, ಮಕ್ಕಳ ಮದುವೆಯ ವಿಚಾರ ಮಾಡುತ್ತಿದ್ದರು. ಆದರೆ ನಡುವೆ ತಟ್ಟನೆ ಮಾತು ನಿಲ್ಲಿಸಿ ಕಿವಿಗೊಡುತ್ತಿದ್ದರು. ನಾನು ಬಾಗಿಲಿಗೆ ಹೋಗಿ ನೋಡಿದರೆ ಓಣಿ ಖಾಲಿ. ಹಾಸಿಗೆಯಲ್ಲಿ ಒಂದು ಕಡೆಗೆ ಸರಿದು ಮಲಗುವುದು ಅವರಿಗೆ ರೂಢಿಯಾಗಿಹೋಗಿತ್ತು. ಆ ಜಾಗದಲ್ಲಿ ನಾನು ಹೋಗಿ ಮಲಗಿದರೆ ನಿದ್ದೆಯಲ್ಲೇ ಎದ್ದು ಕೂರುತ್ತಿದ್ದರು.

ಎಷ್ಟೋ ಸಲ ಸಿಟ್ಟಿಗೆದ್ದು ಖಾಲಿ ಬಾಗಿಲಿಗೆ ಬೈದಿದ್ದೇನೆ. ಯಾರಾದರೂ ಕಂಡಿದ್ದರೆ ನನಗೇ ಹುಚ್ಚು ಹಿಡಿದಿದೆ ಅನ್ನುತ್ತಿದ್ದರು.

ಮೂರ್ನಾಲ್ಕು ವರ್ಷ ಹೀಗೇ ಕಳೆಯಿತು. ಒಂದು ದಿನ ಮುಂಜಾನೆ ಅವರಿಗೆ ಮತ್ತೆ ಎದೆ ಹಿಡಿಯಿತು. ಗಂಗಾವತಿ ದೂರ, ಆ ಯಂತ್ರವೂ ಅಷ್ಟರಲ್ಲಿ ಪೂರ್ತಿ ಕೆಟ್ಟು ಮೂಲೆ ಸೇರಿತ್ತಂತೆ. ಯಲಬುರ್ಗಾದಿಂದ ಡಾಕ್ಟರನ್ನು ಕರೆಸಿದೆವು. ಅವರು ಇಂಜೆಕ್ಷನ್ ಕೊಟ್ಟು ತಲೆಯಾಡಿಸಿ ಹೋದರು. ಸುದ್ದಿ ತಿಳಿದು ಸತ್ಯವತಿ ಸಿಕ್ಕ ಬಸ್ಸು ಹಿಡಿದು ಮಧ್ಯಾಹ್ನದ ಹೊತ್ತಿಗೆ ಬಂದಳು. ಹೊರಗೆ ಸುಡುಬಿಸಿಲು, ಮಕ್ಕಳು ಇನ್ನೂ ಬಂದು ಮುಟ್ಟಿರಲಿಲ್ಲ, ಮನೆಯೊಳಗೆ ನಾವು ಮೂರೇ ಜನ. ಅವಳು ಕಾಲ ಹತ್ತಿರ ಕೂತಳು, ನಾನು ತಲೆಯ ಹತ್ತಿರ.

ಅವರ ಉಸಿರು ಬಿಟ್ಟುಬಿಟ್ಟು ಬರುತ್ತಿತ್ತು. ಇನ್ನು ಉಳಿಸುವ ಮಾತಿರಲಿಲ್ಲ. ನನಗೆ ಒಂದೇ ಹಟ. ಈ ಸಲ ಅವರನ್ನು ಕರೆಯುವವಳು ನಾನೇ ಆಗಬೇಕು. ಹೋಗುವುದಾದರೆ ನನ್ನ ದನಿ ಕೇಳಿ ಹೋಗಲಿ. ಆಯುಷ್ಯವೇ ಮುಗಿದಿರುವಾಗ ಕಡಿಮೆಯಾಗುವುದು ಇನ್ನೇನು? ಅವರ ಕಿವಿಗೆ ಬಾಯಿ ಹಚ್ಚಿ, ಲೇ ಎಂದು ಶುರುಮಾಡಿ ಆ ಮುರಿದ ಹೆಸರು ಹಿಡಿದು ಕರೆದೆ. ನನ್ನ ಜೀವಮಾನದಲ್ಲಿ ಮೊದಲ ಸಲ.

“ಬಂದೆ ತಡಿ” ಎಂದರು ಅವರು.

ಸ್ಪಷ್ಟವಾಗಿ ಅಂದರು. ಆಸ್ಪತ್ರೆಯಲ್ಲಿ ಕಂಡ ಅದೇ ನಗೆ ತುಟಿಯ ಮೇಲೆ ಬಂತು. ಆಮೇಲೆ ಉಸಿರು ಬರಲಿಲ್ಲ.

ನಾನು ಅಳುತ್ತಲೇ ಸತ್ಯವತಿಯ ಕಡೆ ತಲೆಯೆತ್ತಿ ನೋಡಿದೆ. ಕೇಳಿದೆಯಾ, ನನಗೆ ಓಗೊಟ್ಟರು ಎಂಬ ಹೆಮ್ಮೆ ಆ ದುಃಖದಲ್ಲೂ ನನ್ನ ಮುಖದ ಮೇಲೆ ಇದ್ದಿರಬೇಕು. ಅವಳು ಬಾಗಿಲ ಕಡೆ ನೋಡುತ್ತಿದ್ದಳು.

ದಿನಕರ್ಮ ಮುಗಿದ ಮೇಲೆ ಅವಳನ್ನು ಬಸ್ಸಿಗೆ ಬಿಡಲು ಹೋದೆ. ಬಸ್ಸು ದೂರದಲ್ಲಿ ಧೂಳೆಬ್ಬಿಸುತ್ತಾ ಬರುತ್ತಿತ್ತು. ಆಗ ಅವಳು ನನ್ನ ಕಡೆ ತಿರುಗಿದಳು.

“ಅಕ್ಕಾ, ಹೇಳಬೇಕೋ ಬ್ಯಾಡೋ ಗೊತ್ತಿಲ್ಲ. ನೀವು ಕರದಿರಿ, ಖರೆ. ಆದರ ಅವರು ಬಂದೆ ತಡಿ ಅಂದಿದ್ದು ನೀವು ಕರಿಯೂಕಿಂತ ಮೊದಲ.”

“ಸುಳ್ಳು!” ಎಂದೆ. “ಹೊಟ್ಟಿಕಿಚ್ಚಿಗೆ ಹೇಳತಿ. ನಿನಗ ಓಗೊಡಲಿಲ್ಲ ಅಂತ ಹೇಳತಿ.”

“ಹೊಟ್ಟಿಕಿಚ್ಚು ಐತಿ ಅಕ್ಕಾ” ಎಂದಳು ಅವಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. “ಆದರ ನಿಮ್ಮ ಮ್ಯಾಲೆ ಅಲ್ಲ.”

ಬಸ್ಸು ಬಂತು, ಅವಳು ಹತ್ತಿ ಹೋದಳು.

ಅವಳು ಸುಳ್ಳು ಹೇಳಿರಬಹುದು. ಅವಳ ಜಾಗದಲ್ಲಿ ನಾನಿದ್ದಿದ್ದರೆ ನಾನೂ ಹೇಳುತ್ತಿದ್ದೆ. ಆದರೆ ಆಗ ನನ್ನ ಬಾಯಿ ಅವರ ಕಿವಿಗೆ ಹತ್ತಿತ್ತು, ನನ್ನ ದನಿಯೇ ನನಗೆ ತುಂಬಿಕೊಂಡಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂದು ಆಣೆ ಮಾಡಿ ಹೇಳಲು ನನ್ನಿಂದ ಆಗುವುದಿಲ್ಲ. ಅದನ್ನು ಬಲ್ಲವಳು ಅವಳೊಬ್ಬಳೇ... ಅವಳ ಮಾತನ್ನು ನಾನು ಎಂದೂ ನಂಬಿದವಳಲ್ಲ. ಇದೊಂದನ್ನು ಮಾತ್ರ ನಂಬದೆ ಇರಲು ಇಷ್ಟು ವರ್ಷದಿಂದ ಪ್ರಯತ್ನ ಮಾಡುತ್ತಿದ್ದೇನೆ, ಆಗುತ್ತಿಲ್ಲ.